ಅಳಿಸ ಹೊರಟ ಅಳಿಯ

ಕಟಕದ ಬಟಕೃಷ್ಣ ಕಾನುಂಗೋ ಮೇಷ್ಟ್ರಿಗೆ ಸರಕಾರದ ಮೇಲೆ ಇದ್ದದ್ದು ಒಂದೇ ಸಿಟ್ಟು. ಅದು ಅವರ ಕೆಂಪು ಪೆನ್ನನ್ನು ಕಿತ್ತುಕೊಂಡಿತ್ತು. ಎಂಟನೆಯ ತರಗತಿಯವರೆಗೆ ಯಾರನ್ನೂ ಫೇಲು ಮಾಡಕೂಡದು ಎಂಬ ಆಜ್ಞೆ ಬಂದಾಗಿನಿಂದ ಗಣಿತದ ಮೇಷ್ಟ್ರ ಬದುಕಿನಲ್ಲಿ ಸ್ವಾರಸ್ಯವೇ ಉಳಿದಿರಲಿಲ್ಲ. ತಪ್ಪು ಕಣ್ಣೆದುರಿಗೇ ಕುಣಿಯುತ್ತದೆ, ಗೀಟು ಎಳೆಯುವಂತಿಲ್ಲ. ಸಕ್ಕರೆ ಕಾಯಿಲೆಯವನನ್ನು ರಸಗುಲ್ಲದ ಅಂಗಡಿಯಲ್ಲಿ ಕಾವಲಿಗೆ ಕೂರಿಸಿದ ಹಾಗೆ.

ಅಂಥ ಹೊತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಅಂತರ್ಜಾಲದ ಒಡಿಯಾ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. (ಸಂಬಳವಿಲ್ಲದ ಕೆಲಸವೆಂದು ಮೇಷ್ಟ್ರು ಮನೆಯಲ್ಲಿ ಒಂದು ಲೋಟ ಕೂಡ ತೊಳೆದವರಲ್ಲ. ಇಲ್ಲಿ ಮಾತ್ರ ನಿಷ್ಕಾಮ ಕರ್ಮಯೋಗಿ.) ಬಂಗಾಳಿಯವರು ಎಲ್ಲೋ ಹೋದರು, ತೆಲುಗರು ಎಲ್ಲೋ ಹೋದರು, ನಾವಿನ್ನೂ ಇಲ್ಲೇ ಇದ್ದೇವೆ ಎಂದು ಊರೂರಿನ ಉತ್ಸಾಹಿಗಳು ಟೊಂಕ ಕಟ್ಟಿ ಬರೆಯುತ್ತಿದ್ದರು. ಒಬ್ಬ ನದಿಮೀನುಗಳ ಮೇಲೆ, ಇನ್ನೊಬ್ಬಳು ಸೀರೆಯ ಅಂಚುಗಳ ಮೇಲೆ. ಕೋಶ ಬೆಳೆಯುತ್ತಿತ್ತು. ಬೆಳೆಯ ಜೊತೆ ಕಳೆಯೂ. ಯಾರದೋ ಸೋದರಮಾವ, ಯಾರದೋ ಟ್ಯೂಷನ್ ಕ್ಲಾಸು, ಯಾರೋ ಸಾಕಿದ ಗಿಳಿ, ಎಲ್ಲವೂ ಲೇಖನವಾಗಿ ಒಳಗೆ ನುಗ್ಗುತ್ತಿದ್ದವು.

ಮೇಷ್ಟ್ರು ಬರೆಯುವ ಗೋಜಿಗೆ ಹೋಗಲಿಲ್ಲ. ಅಳಿಸಲು ಕುಳಿತರು. ‘ಆಧಾರವಿಲ್ಲ, ಅಳಿಸತಕ್ಕದ್ದು’ ಎಂದು ಲೇಖನದ ನೆತ್ತಿಗೆ ಚೀಟಿ ಅಂಟಿಸಿದಾಗಲೆಲ್ಲ ಅವರಿಗೆ ಹಳೆಯ ಕೆಂಪು ಶಾಯಿಯ ಪರಿಮಳ ಬರುತ್ತಿತ್ತು. ಹೊಸ ಹುಡುಗ ಹುಡುಗಿಯರಿಗೂ ವಿಡಿಯೋ ಕರೆಯಲ್ಲಿ ವಿದ್ಯೆ ಕಲಿಸಿದರು. “ದಯೆ ತೋರಿಸಿದಿರೋ, ಕೋಶ ಕೆಟ್ಟಿತು” ಎಂಬುದು ಗುರುವಾಕ್ಯ.

ಈ ಚಾಳಿ ಊಟದ ಮನೆಗೂ ಬಂದದ್ದು ಹೆಂಡತಿ ಕುಂತಳಾಳ ಗ್ರಹಚಾರ.

“ಮೀನು ತಾಜಾ ಇದೆ ರೀ, ಬೆಳಿಗ್ಗೆ ಹಿಡಿದದ್ದಂತೆ.”

“ಆಧಾರ?”

“ಆಧಾರ ಬೇಕಾ? ಬಾಯಿ ತೆಗೀರಿ, ಗಂಟಲಿಗೇ ಮುಳ್ಳು ತೋರಿಸ್ತೀನಿ.”

ಜ್ಯೇಷ್ಠದ ಒಂದು ಸಂಜೆ ಮೇಷ್ಟ್ರ ಕಣ್ಣಿಗೆ ‘ಕೇತಕೀ ರಾಣಿ’ ಎಂಬ ಲೇಖನ ಬಿತ್ತು. ಯಾರೋ ಹಳೆಯ ಜಾತ್ರಾ ಕಲಾವಿದೆ. (ತೇರಿನ ಜಾತ್ರೆಯಲ್ಲ, ಬಯಲಿನಲ್ಲಿ ಬೆಳಗಿನ ತನಕ ಆಡುವ ನಾಟಕ.) ‘ಆಕೆ ಸೊಂಟ ಬಳುಕಿಸಿದರೆ ಜಾಜಪುರದ ಜಮೀನ್ದಾರರು ಸಾಲಾಗಿ ಮೂರ್ಛೆ ಹೋಗುತ್ತಿದ್ದರು’ ಎಂದಿತ್ತು. ಮೇಷ್ಟ್ರಿಗೆ ರೋಮಾಂಚನವಾಯಿತು. ಚೀಟಿ ಅಂಟಿಸಿ, ಕೆಳಗೆ ಬರೆದರು: ‘ಇಂಥ ಹೆಂಗಸು ಹುಟ್ಟಿದ್ದಕ್ಕೇ ಪುರಾವೆಯಿಲ್ಲ. ಮೂರ್ಛೆ ಹೋದ ಜಮೀನ್ದಾರರ ಹೆಸರಿಲ್ಲ. ಆದ್ದರಿಂದ ಅಳಿಸತಕ್ಕದ್ದೆಂದು ಸಾಧಿಸಲಾಯಿತು.’

ಮರುದಿನ ಮಧ್ಯಾಹ್ನ ಮೇಷ್ಟ್ರು ಪಖಾಳದ ತಂಗಳನ್ನಕ್ಕೆ ಬಡಿ ಎಂಬ ಹುರಿದ ಉದ್ದಿನ ಸಂಡಿಗೆ ಪುಡಿಮಾಡಿ ಉದುರಿಸಿಕೊಂಡು ಕೂತಿದ್ದಾಗ, ಕುಂತಳಾಗೆ ತಮ್ಮ ತ್ರಿಲೋಚನನ ಫೋನು ಬಂತು. ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಬಡಿಗಿಂತ ಕೆಂಪಗೆ ಹುರಿದಿತ್ತು.

“ಯಾವನ್ರೀ ಅವನು, ನಿಮ್ಮ ವಿಶ್ವಕೋಶದಲ್ಲಿ? ನಮ್ಮ ಬಾಪಾನ್ನ ಅಳಿಸ್ತಾನಂತೆ!”

“ನಿಮ್ಮ ಬಾಪಾನ್ನ ಯಾಕೆ ಅಳಿಸ್ತಾರೆ? ಅವರು ಅಲ್ಲಿ ಇದ್ರೆ ತಾನೆ?”

“ಇದಾರೆ. ಕೇತಕೀ ರಾಣಿ ಅಂತ.”

ಅನ್ನದ ನೀರು ಮೇಷ್ಟ್ರ ಮೂಗಿಗೆ ಹತ್ತಿತು.

ಮಾವ ಬನಮಾಳಿ ಚೌಧುರಿ ಎಂದರೆ ಸಾಮಾನ್ಯರಲ್ಲ. ನಿವೃತ್ತ ಪೊಲೀಸ್ ದರೋಗಾ. ಆರಡಿ ಆಳು, ಎರಡು ಗುಬ್ಬಿಗಳು ಆಚೀಚೆ ಕೂರಬಹುದಾದಂಥ ಮೀಸೆ. ಅವರೆದುರು ಮೇಷ್ಟ್ರು ಮದುವೆಯ ದಿನದಿಂದ ಇಂದಿನವರೆಗೆ ಕಾಲ ಮೇಲೆ ಕಾಲು ಹಾಕಿದವರಲ್ಲ.

“ನಿ... ನಿಮ್ಮ ಬಾಪಾ... ಸೊಂಟ...?”

“ಪೊಲೀಸ್ ಕೆಲಸ ಸಿಗೋಕೆ ಮುಂಚೆ ಏಳು ವರ್ಷ ರಾಣಿ ಪಾತ್ರ ಮಾಡಿದ್ರು. ಕೆಲಸ ಸಿಕ್ಕಿದ್ಮೇಲೆ ಯಾರಿಗೂ ಹೇಳಕೂಡದು ಅಂತ ಮನೇಲಿ ಎಲ್ಲರ ಹತ್ರ ಆಣೆ ಹಾಕಿಸಿಕೊಂಡಿದ್ರು. ಈಗ ಎಪ್ಪತ್ತು ತುಂಬಿತು, ಮನಸ್ಸು ಕರಗಿತು, ‘ಬರಿಯೋ, ಆದ್ರೆ ನನ್ನ ಹೆಸರು ಬೇಡ, ರಾಣಿ ಹೆಸರು ಹಾಕು’ ಅಂದ್ರಂತೆ. ತಮ್ಮ ಕಷ್ಟಪಟ್ಟು ಬರೆದ. ಈಗ ಯಾವನೋ ದರಿದ್ರದವನು ‘ಹುಟ್ಟೇ ಇಲ್ಲ’ ಅಂತ ಬರೆದಿದಾನೆ. ಬಾಪಾ ಬೆಳಿಗ್ಗೆಯಿಂದ ಮೀಸೆ ತಿರುವೇ ಇಲ್ವಂತೆ ರೀ!” ಅವಳ ಕಣ್ಣಲ್ಲಿ ನೀರು ತುಂಬಿತು. “ನೀವು ಅದೇ ವ್ಯವಹಾರದಲ್ಲಿ ಇದೀರಲ್ಲ, ಆ ಮನೆಹಾಳನ್ನ ಹುಡುಕಿ, ಬುದ್ಧಿ ಕಲಿಸಿ.”

“ಹುಡುಕ್ತೀನಿ” ಎಂದರು ಮೇಷ್ಟ್ರು ಕ್ಷೀಣವಾಗಿ. ಪುಣ್ಯಕ್ಕೆ ಕೋಶದಲ್ಲಿ ಅವರ ಹೆಸರು ‘ಕೆಂಪುಶಾಯಿ’ ಎಂದಿತ್ತು.

ಊಟ ಬಿಟ್ಟೆದ್ದು ಚೀಟಿ ಕೀಳಲು ಹೋದರೆ, ಶಿಷ್ಯರು ಆಗಲೇ ಸಾಲುಗಟ್ಟಿ ‘ಗುರುಗಳು ಹೇಳಿದ್ದು ಸರಿ’ ಎಂದು ರುಜು ಹಾಕಿದ್ದರು. ಮೇಷ್ಟ್ರು ‘ಮನಸ್ಸು ಬದಲಾಗಿದೆ, ಹಿಂತೆಗೆದುಕೊಳ್ಳುತ್ತೇನೆ’ ಎಂದು ಬರೆದರು. ಶಿಷ್ಯೆಯರಲ್ಲೆಲ್ಲ ಚುರುಕಾದ, ಆಗಲೇ ಕೋಶದ ಮೇಲ್ವಿಚಾರಕಿಯೂ ಆಗಿದ್ದ ಇತಿಶ್ರೀ ಎಂಬ ಹುಡುಗಿ ತಕ್ಷಣ ಉತ್ತರಿಸಿದಳು: ‘ಚರ್ಚೆ ಶುರುವಾಗಿದೆ ಸಾರ್. ಮನಸ್ಸು ಬದಲಾಗಿದ್ದಕ್ಕೆ ಆಧಾರ?’

ಬೆನ್ನಿಗೆ ಗೋಡೆ ತಗುಲಿದಾಗ ಬುದ್ಧಿವಂತನಿಗೆ ಬರುವಷ್ಟು ದಡ್ಡ ಉಪಾಯ ದಡ್ಡನಿಗೂ ಬರುವುದಿಲ್ಲ. ಮೇಷ್ಟ್ರು ‘ಜಾತ್ರಾಪ್ರೇಮಿ’ ಎಂಬ ಇನ್ನೊಂದು ಹೆಸರಿನಲ್ಲಿ ಒಳಹೊಕ್ಕು ಕೆಂಪುಶಾಯಿಯನ್ನು ಚೆನ್ನಾಗಿ ಬೈದರು. ಅರಸಿಕ ಎಂದರು, ಕತ್ತೆಗೇನು ಗೊತ್ತು ಕಸ್ತೂರಿ ಎಂದರು. ಮಾಡಿದ ಅವಿವೇಕವೆಂದರೆ, ಅಭ್ಯಾಸಬಲದಿಂದ ಕೊನೆಗೆ ‘ಆದ್ದರಿಂದ ಉಳಿಸತಕ್ಕದ್ದೆಂದು ಸಾಧಿಸಲಾಯಿತು’ ಎಂದು ಮುಗಿಸಿದರು. ಇಡೀ ಒಡಿಶಾದಲ್ಲಿ ಹೀಗೆ ಸಾಧಿಸುವವರು ಇನ್ನು ಯಾರಿದ್ದಾರೆ? ಒಬ್ಬನೇ ಎರಡು ಹೆಸರಿನಲ್ಲಿ ವಾದಿಸಿದ ಅಪರಾಧಕ್ಕೆ ಮೇಷ್ಟ್ರಿಗೆ ಒಂದು ತಿಂಗಳ ನಿಷೇಧವಾಯಿತು. ತೀರ್ಪು ಬರೆದವಳು ಇತಿಶ್ರೀ. ಕಣ್ಣೀರಿಡುತ್ತಲೇ ಬರೆದೆ ಎಂದು ಆಮೇಲೆ ಹೇಳಿದಳು.

ಅಷ್ಟರಲ್ಲಿ ರಜ ಹಬ್ಬ ಬಂತು. ಭೂಮಿತಾಯಿಯೇ ವಿಶ್ರಾಂತಿ ತೆಗೆದುಕೊಳ್ಳುವ ಮೂರು ದಿನ. ರಜ ಎಂದರೆ ಹೆಂಗಸರಿಗೆ ರಜೆ, ಗಂಡಸರಿಗೆ ಸಜೆ. ಕುಂತಳಾ ಅಲತಾದ ಕೆಂಪು ಬಣ್ಣ ಹಚ್ಚಿದ ಪಾದ ಚಾಚಿ ಅಂಗಳದ ಉಯ್ಯಾಲೆಯಲ್ಲಿ ಕೂತಳು. ಮೇಷ್ಟ್ರು ತಲೆಗೆ ಟವೆಲ್ಲು ಸುತ್ತಿ ಒಲೆಯ ಮುಂದೆ ಕೂತು ಪೋಡ ಪಿಠಾ ಎಂಬ ಹಬ್ಬದ ಅಕ್ಕಿ ಕಡುಬು ಸುಡತೊಡಗಿದರು. ಮಾವನವರೂ ಬಂದಿಳಿದರು. ಮೀಸೆ ನಿಜಕ್ಕೂ ಜೋಲುಬಿದ್ದಿತ್ತು.

“ಜ್ವಾಇಂ ಬಾಬು, ಆ ಕೆಂಪುಶಾಯಿ ಸಿಕ್ಕಿದನೋ?” ಎಂದು ಅಳಿಯನನ್ನು ಕೇಳಿದರು ದರೋಗಾ ದನಿಯಲ್ಲಿ.

“ಹುಡುಕ್ತಾ ಇದೀನಿ ಬಾಪಾ. ಬಹಳ ಚಾಲಾಕಿ.”

“ಸಿಕ್ಕಿದ್ರೆ ಹೊಡೀಬೇಡಿ. ನನ್ನ ಹತ್ರ ಕರ್ಕೊಂಡು ಬನ್ನಿ, ಸಾಕು.”

ಇದಕ್ಕಿಂತ ಹೊಡೆಯುವುದೇ ವಾಸಿ ಎನಿಸಿ ಮೇಷ್ಟ್ರು ಒಲೆ ಊದಿದರು.

ಆಗ ಬಾಗಿಲಲ್ಲಿ ಒಂದು ಸ್ಕೂಟಿ ನಿಂತಿತು. ಇಳಿದವಳು ಇತಿಶ್ರೀ, ಹೆಗಲಲ್ಲಿ ಕ್ಯಾಮೆರಾ. ಪುರಾವೆ ಎಲ್ಲಿ ಸಿಗುತ್ತದೆಂದು ಅವಳು ತ್ರಿಲೋಚನನನ್ನು ವಿಚಾರಿಸಿದ್ದಳು, ಅವನು ಬಾಪಾ ಹಬ್ಬಕ್ಕೆ ಹೋಗಿದ್ದ ಕಟಕದ ಅಕ್ಕನ ಮನೆಯ ವಿಳಾಸ ಕೊಟ್ಟಿದ್ದ. ಬಂದವಳೇ ಮಾವನವರ ಕಾಲಿಗೆ ಬಿದ್ದಳು.

“ಅಜಾ, ಗ್ರಂಥಾಲಯದ ಹಳೇ ಪುಸ್ತಕ ಒಂದರಲ್ಲಿ ನಿಮ್ಮ ಮೇಲೆ ಎರಡು ಪುಟ ಇದೆ! ಲೇಖನ ಉಳೀತು. ಒಂದು ಫೋಟೋ ಬೇಕಿತ್ತು.”

ಉಯ್ಯಾಲೆಯಿಂದ ಕುಂತಳಾ ಹಾರಿದಳು. ಮಾವನವರ ಕೈ ತಾನಾಗಿ ಮೀಸೆಗೆ ಹೋಯಿತು. ಎಲ್ಲ ಸುಖಾಂತವಾಗುವುದರಲ್ಲಿತ್ತು. ಅಷ್ಟರಲ್ಲಿ ಹುಡುಗಿ ಒಲೆಯ ಕಡೆ ತಿರುಗಿ ಅರಳಿದಳು.

“ಅಯ್ಯೋ, ಕೆಂಪುಶಾಯಿ ಸಾರ್! ನಿಮ್ಮ ಮನೇನಾ ಇದು? ನಿಷೇಧಕ್ಕೆ ಬೇಜಾರು ಮಾಡ್ಕೊಬೇಡಿ ಸಾರ್!”

ಮೇಷ್ಟ್ರು ತಲೆಯ ಟವೆಲ್ಲನ್ನು ಮುಖದ ಮೇಲಕ್ಕೆ ಎಳೆದುಕೊಂಡರು.

“ನೀವಾ?” ಎಂದಳು ಕುಂತಳಾ. ಅಷ್ಟು ಮೆಲ್ಲಗೆ ಅವಳು ಮದುವೆ ಮಂಟಪದಲ್ಲೂ ಮಾತಾಡಿರಲಿಲ್ಲ.

“ಗೊತ್ತಿರಲಿಲ್ಲ ಕಣೇ... ಆಧಾರ ಇರಲಿಲ್ಲ...”

ಮಾವನವರು ನಿಧಾನವಾಗಿ ಎದ್ದರು. ಮೇಷ್ಟ್ರು ಕಣ್ಣು ಮುಚ್ಚಿದರು. ಆದರೆ ಕೇಳಿಸಿದ್ದು ಪೊಲೀಸ್ ದನಿಯಲ್ಲ, ಕೊಳಲಿನಂಥ ಒಂದು ಹೆಣ್ಣು ದನಿ.

“ಕುನಿ, ನಿನ್ನ ಕೆಂಪು ಸಂಬಲಪುರಿ ಸೀರೆ ತಾ ಮಗಳೇ. ಹಳೇ ಫೋಟೋ ಎಲ್ಲ ಗೆದ್ದಲು ತಿಂದಿದೆ. ಹೊಸದು ತೆಗೀಲಿ.”

ಅರ್ಧ ಗಂಟೆಯಲ್ಲಿ ಹೊರಬಂದವಳು ಕೇತಕೀ ರಾಣಿಯೇ. ಮೀಸೆಯನ್ನು ಸೆರಗಿನಲ್ಲಿ ಮರೆಮಾಡಿ, ಒಂದೇ ಒಂದು ಸಲ ಸೊಂಟ ಬಳುಕಿಸಿ ನಡೆದರು ನೋಡಿ, ಮೇಷ್ಟ್ರಿಗೆ ಆ ಜಮೀನ್ದಾರರ ಕಷ್ಟ ಒಂದು ಕ್ಷಣ ಅರ್ಥವಾಯಿತು. ಉಯ್ಯಾಲೆಯಲ್ಲಿ ಕೂತು ರಾಣಿ ಪಾದ ಮುಂದೆ ಚಾಚಿದಳು.

“ರಾಣಿ ಒಬ್ಬಳೇ ಕೂತ್ರೆ ದೃಶ್ಯ ಏಳೋಲ್ಲ. ದಾಸಿ ಬೇಕು.”

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಕುಂತಳಾ ತಾನೇ ಮುಂದೆ ಬಂದು ಗಂಡನಿಗೆ ಹಳೆಯ ಹತ್ತಿಯ ಸೀರೆ ಸುತ್ತಿ, ಹಣೆಗೆ ಬೊಟ್ಟಿಟ್ಟು, ಕೈಗೆ ಅಲತಾ ಬಟ್ಟಲು ಕೊಟ್ಟು, ಭುಜ ಹಿಡಿದು ಕೂರಿಸಿದಳು. “ಮುಖದಲ್ಲಿ ಸ್ವಲ್ಪ ಭಕ್ತಿ ಇರಲಿ, ಜ್ವಾಇಂ ಬಾಬು” ಎಂದಳು ರಾಣಿ. ಕ್ಯಾಮೆರಾ ಕ್ಲಿಕ್ಕೆಂದಿತು.

ಸಂಜೆಯೊಳಗೆ ಚಿತ್ರ ಲೇಖನದ ನೆತ್ತಿಯಲ್ಲಿತ್ತು: ‘ಉಯ್ಯಾಲೆಯಲ್ಲಿ ಕೇತಕೀ ರಾಣಿ, ಪಾದಸೇವೆ ಮಾಡುತ್ತಿರುವ ದಾಸಿಯೊಂದಿಗೆ.’ ಮುಖ ಸೆರಗಿನಲ್ಲಿ ಅರ್ಧ ಮರೆಯಾಗಿದ್ದರಿಂದ ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟು ಪಿಠಾ ಮಗುಚಲು ಹೋದರು. ಅಷ್ಟರಲ್ಲಿ ಬಾಲಸೋರಿನ ಯಾವನೋ ಶ್ರದ್ಧಾವಂತ ಓದುಗ ಕೆಳಗೆ ಕೇಳಿದ್ದ: ‘ದಾಸಿ ಯಾರು? ಮಾಹಿತಿ ಬೇಕಾಗಿದೆ.’

ನಿಷೇಧವಿರುವ ಮೇಷ್ಟ್ರು ಏನು ಮಾಡಿಯಾರು? ಉಯ್ಯಾಲೆಯಲ್ಲಿ ಕೂತ ಕುಂತಳಾ ಇತಿಶ್ರೀಯಿಂದ ಹೇಳಿಸಿಕೊಂಡು ಒಂದು ಹೊಸ ಖಾತೆ ತೆರೆದು, ಒಂದೊಂದೇ ಅಕ್ಷರ ಒತ್ತಿ ಗಂಡನ ಹೆಸರು, ಕಲಿಸುವ ವಿಷಯ, ಶಾಲೆ, ಶಾಲೆ ಇರುವ ಬೀದಿ, ಎಲ್ಲವನ್ನೂ ಸೇರಿಸಿದಳು. ಕೂಡಲೇ ಕೋಶದಿಂದ ಸ್ವಾಗತದ ಸಂದೇಶ ಬಂತು.

“ರೀ, ಇಲ್ಲಿ ಕೇಳಿ” ಎಂದು ಅವಳು ಗಟ್ಟಿಯಾಗಿ ಓದಿದಳು. “‘ಹೊಸ ಲೇಖಕಿಗೆ ಸುಸ್ವಾಗತ. ತಮಗೆ ತಿಳಿದಿರುವ ಇಂಥ ಉಪಯುಕ್ತ ವಿಷಯಗಳನ್ನು ಇನ್ನಷ್ಟು ಸೇರಿಸಿ ನಾಡಿಗೆ ನೆರವಾಗಬೇಕಾಗಿ ವಿನಂತಿ.’ ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತಿದಾರೆ. ಇಪ್ಪತ್ತೆರಡು ವರ್ಷದ ವಿಷಯ ಇದೆ ನನ್ನ ಹತ್ರ. ಗೊರಕೆಯಿಂದ ಶುರು ಮಾಡ್ಲಾ?”

ಒಲೆಯ ಮೇಲಿನ ಪಿಠಾ ಹೊತ್ತಿದ ವಾಸನೆ ಬಂತು. ಮೇಷ್ಟ್ರು ಅದನ್ನು ಹಾಗೇ ಬಿಟ್ಟು, ಉಯ್ಯಾಲೆಯ ಹಿಂದೆ ಹೋಗಿ ನಿಂತು, ಯಾರೂ ಹೇಳದೆ ತಾವಾಗಿಯೇ ಮೆಲ್ಲಗೆ ತೂಗತೊಡಗಿದರು.