ಎಣ್ಣೆ ಅರಗಿಸುವ ಗುಳಿಗೆ

ಅರಸೀಕೆರೆಯಲ್ಲಿ ಎಣ್ಣೆ ಮಿಲ್ಲು ಇಟ್ಟವನಿಗೇ ಎಣ್ಣೆ ಅರಗದ ಕಾಯಿಲೆ ಬಂದರೆ ಊರು ನಗದೆ ಇರುತ್ತದೆಯೇ? ನಾನು ಸಾಯುವ ಹಾಗಿದ್ದಾಗಲೂ ನಗೆಪಾಟಲಿನ ಸಂಗತಿಗಳು ಮಾತ್ರ ನಿಲ್ಲಲಿಲ್ಲ.

ರಿಪೇರಿ

ತಿಂದದ್ದು ಮೈಗೆ ಹತ್ತದೆ ಕಡ್ಡಿಯಾಗಿದ್ದೆ. ಡಾಕ್ಟರು ರಿಪೋರ್ಟು ನೋಡಿದರು. "ಎಣ್ಣೆ ಒಡೆಯೋ ಕಿಣ್ವ ನಿಮ್ಮ ಹೊಟ್ಟೇಲಿ ತಯಾರಾಗ್ತಾ ಇಲ್ಲ. ಅದನ್ನ ಮಾಡೋ ಗ್ರಂಥಿ ಹಾಳಾಗಿದೆ. ಊಟದ ಜೊತೆ ಈ ಕಿಣ್ವದ ಗುಳಿಗೆ ನುಂಗಿ. ಬಿಟ್ಟರೆ ಉಂಡೂ ಉಪವಾಸ ಸಾಯ್ತೀರಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಿಲ್ಲಲ್ಲಿ ಮಿಷನ್ ಕೆಟ್ರೆ ಸಂಜೆಯೊಳಗೆ ರಿಪೇರಿ ಮಾಡ್ತಾರೆ. ಇದನ್ನ ಮಾಡೋಕಾಗಲ್ವಾ ಡಾಕ್ಟ್ರೇ?"

"ಇದು ಹಳೇ ಮಾಡೆಲ್ ಕಣಮ್ಮ. ಪಾರ್ಟ್ಸ್ ಸಿಗಲ್ಲ."

ತಿಥಿ ಊಟ

ಹಾರನಹಳ್ಳಿಯಲ್ಲಿ ನೆಂಟರೊಬ್ಬರ ತಿಥಿ. ಪಂಕ್ತಿಗೆ ವಡೆ ಬಂತು. ಗುಳಿಗೆ ನುಂಗಿ, ಒಂದೇ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದೆ. ಬಡಿಸುತ್ತಿದ್ದ ಸೋದರಮಾವ ನನ್ನ ಬತ್ತಿದ ಕೆನ್ನೆ ನೋಡಿ ಮರುಗಿದರು. ಕೈ ಸರಿಸಿ ಇನ್ನೆರಡು ಹಾಕಿದರು.

"ಸಂಕೋಚ ಮಾಡ್ಕಬ್ಯಾಡ ಕಣಪ್ಪ, ತಿನ್ನು. ನಿನ್ನ ತಿಥೀಲಿ ನಿಂಗೆ ಬಡಿಸಕ್ಕಾಯ್ತದಾ?"

ಬಾಮೈದ ಓದಿದ್ದು

ನನ್ನನ್ನು ನೋಡಲು ಬೇಲೂರಿನಿಂದ ಬಾಮೈದ ಬಂದ. ಅವನದು ಔಷಧಿ ಅಂಗಡಿ. ಗುಳಿಗೆಯ ಡಬ್ಬಿ ತಿರುಗಿಸಿ ಓದಿ, "ಭಾವ, ಈ ಕಿಣ್ವಾನ ಹಂದಿಯಿಂದ ತೆಗೀತಾರೆ" ಎಂದ.

ಮೊಟ್ಟೆಯನ್ನೂ ಮುಟ್ಟದ, ಮಠಕ್ಕೆ ನಡೆದುಕೊಳ್ಳುವ ಮನೆ ನಮ್ಮದು. ಅವತ್ತೇ ಗುಳಿಗೆ ಬಿಟ್ಟೆ. ಸ್ವಲ್ಪ ದಿನಕ್ಕೇ ಹಾಸಿಗೆ ಹಿಡಿದೆ. ಗಿಡದಿಂದ ಮಾಡಿದ್ದು ಇಲ್ಲವೇ ಎಂದು ಹೆಂಡತಿ ಫೋನಿನಲ್ಲಿ ಕೇಳಿದರೆ ಡಾಕ್ಟರು, "ಅದು ಅವರಿಗೆ ಸಾಲದು" ಎಂದರು. ನನಗೆ ಸಾವೆಂದರೆ ಭಯ. ಅದಕ್ಕಿಂತ ಹೆಚ್ಚು ಅವ್ವನೆಂದರೆ ಭಯ.

ಕೊನೆಗೆ ಹೆಂಡತಿಯೇ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಅವ್ವ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ತಿಪ್ಪೆಗೆ ಎಸೆದಳೆಂದೇ ಅಂದುಕೊಂಡೆ. ತುಂಬ ಹೊತ್ತಾದ ಮೇಲೆ ಚಿತ್ರಾನ್ನದ ತಟ್ಟೆ ಹಿಡಿದು ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಇನ್ನೊಂದು ಕೈಯಲ್ಲಿ ಡಬ್ಬಿಯಿತ್ತು. ಅದರ ಮೇಲೆ ಮೂರು ಬೆರಳಲ್ಲಿ ಎಳೆದ ದಪ್ಪ ವಿಭೂತಿ ಪಟ್ಟೆ.

"ನುಂಗ್ಲಾ ಮಗ. ವಿಭೂತಿ ಹಚ್ಚಿವ್ನಿ. ಇನ್ಮೇಲೆ ಈ ಹಂದೀನೂ ನಮ್ಮೋರೇ."