ಕೆಂಪು ದಾರದ ಕ್ಯಾನು

ನನ್ನ ಹೆಂಡತಿ ವಸುಮತಿಗೆ ವಿಜ್ಞಾನದ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗಂಡ ಮನೆಯಲ್ಲೇ ಪುಕ್ಕಟೆ ಸಿಕ್ಕಿದ್ದರೂ ಅವಳು ನಂಬುವುದು ತನ್ನ ಮೂಗನ್ನು ಮಾತ್ರ. ಸಾಂಬಾರಿಗೆ ಮೂಗು, ಹಾಲಿಗೆ ಮೂಗು. ಆ ಆದಿತ್ಯವಾರ ಎಂಜಿನಿಗೂ ಮೂಗು!

ಅವತ್ತು ಅವಳ ಹೋಳಿಗೆಗೆ ಮೊದಲ ದೊಡ್ಡ ಆರ್ಡರು. ಅಡೂರಿನಲ್ಲಿ ಒಂದು ಉಪನಯನ. ಹನ್ನೆರಡೂವರೆಗೆ ಮೊದಲ ಪಂಕ್ತಿಗೆ ಬಾಳೆಲೆ ಹಾಕುವ ಮೊದಲು ನಾನೂರು ಹೋಳಿಗೆ ಅಲ್ಲಿರಬೇಕು. ತಪ್ಪಿದರೆ ಇಡೀ ಸೀಮೆಯಲ್ಲಿ ಅವಳಿಗೆ ಇನ್ನು ಯಾರೂ ಹೋಳಿಗೆ ಹೇಳುವುದಿಲ್ಲ. ಎರಡು ದಿನದಿಂದ ಪಾಪ, ಒಲೆ ಬಿಟ್ಟು ಕದಲಿರಲಿಲ್ಲ. ನಮ್ಮ ಹಳೆ ಡೀಸೆಲ್ ಕಾರಿಗೆ ಪಾತ್ರೆಗಳನ್ನು ಏರಿಸಿದವಳೂ ಅವಳೇ. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ಟ್ಯಾಂಕಿಗೆ ಎಣ್ಣೆ ಹಾಕುವುದು.

ನಮ್ಮ ಕುಂಬ್ಡಾಜೆಯ ಬುದ್ಧಿವಂತರು ಗಡಿ ದಾಟಿ, ಕರ್ನಾಟಕದ ಪಂಪಿನಲ್ಲಿ ಅಗ್ಗಕ್ಕೆ ಎಣ್ಣೆ ತುಂಬಿಸಿ, ಬರುವಾಗ ಕ್ಯಾನಿನಲ್ಲೂ ತರುತ್ತಾರೆ. (ಉಳಿಸಿದ ದುಡ್ಡೆಲ್ಲ ಹೋಗಿ ಬರುವ ಎಣ್ಣೆಗೇ ಮುಗಿಯುತ್ತದೆ, ಆ ಮಾತು ಎತ್ತಬಾರದು.) ನಾನೂ ಎರಡು ಕ್ಯಾನು ತಂದಿಟ್ಟಿದ್ದೆ: ಕಾರಿಗೆ ಡೀಸೆಲ್, ಹುಲ್ಲು ಕತ್ತರಿಸುವ ಮೆಷಿನಿಗೆ ಪೆಟ್ರೋಲ್. ಎರಡೂ ಒಂದೇ ತರದ ಕಪ್ಪು ಕ್ಯಾನು. ಗುರುತಿಗೆಂದು ಒಂದಕ್ಕೆ ಕೆಂಪು ದಾರ ಕಟ್ಟಿದ್ದೆ. ಯಾವುದಕ್ಕೆ ಎಂಬುದು ಮಾತ್ರ ಮರೆತುಹೋಗಿತ್ತು.

ಮರೆತರೆ ಎಂತ? ಮರೆವಿಗೆ ಹೆದರುವವರು ಸಾಮಾನ್ಯ ಜನ. ನಮ್ಮಂಥವರಿಗೆ ತರ್ಕ ಉಂಟು.

"ನೋಡು ವಸು, ಪೆಟ್ರೋಲಿಗೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೇಕು. ಎಂಜಿನಿನೊಳಗೆ ಅದುಮಿದರೂ ಅದು ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ನನ್ನ ಹಾಗೆ, ಸಾಧು. ಡೀಸೆಲಿಗೆ ಕಿಡಿಯೇ ಬೇಡ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿದ ಮೇಲೆ ಅದಕ್ಕೆ ಡೀಸೆಲ್ ಬಿದ್ದದ್ದೇ ತಡ, ಭಗ್! ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಯಾರ ಹಾಗೆ ಅಂತ ನಾನು ಹೇಳುವುದಿಲ್ಲ."

"ಹೇಳಿ, ಹೇಳಿ. ಹನ್ನೊಂದು ಗಂಟೆ ಆಯ್ತು."

"ತಾನಾಗಿ ಹೊತ್ತಿಕೊಳ್ಳುವುದೇ ಹೆಚ್ಚು ಅಪಾಯ. ಅಪಾಯಕ್ಕೆ ಕೆಂಪು. ಆದ್ದರಿಂದ ಕೆಂಪು ದಾರದ್ದೇ ಡೀಸೆಲ್!"

"ಹೊರಗೆ ಒಂದು ಕಿಡಿ ಬಿದ್ದರೆ ಬೇಗ ಬೆಂಕಿ ಹಿಡಿಯುವುದು ಪೆಟ್ರೋಲಿಗಲ್ವಾ? ಮೂಸಿ ನೋಡಿ ಮಾರಾಯ್ರೆ." ಅವಳೇ ಬಗ್ಗಿ ಮೂಸಿದಳು. "ಇದು ಪೆಟ್ರೋಲಿನದೇ ವಾಸನೆ."

"ಮೂಸುವುದು ಬೆಕ್ಕಿನ ಕೆಲಸ," ಎಂದು ಕ್ಯಾನನ್ನು ಪೂರ್ತಿ ಬಗ್ಗಿಸಿದೆ. ಅವಳು ಹೋಗಿ ಕಾರಿನಲ್ಲಿ ಕೂತಳು. ವಿಜ್ಞಾನ ಗೆದ್ದಿತು ಎಂದುಕೊಂಡೆ.

ಟ್ಯಾಂಕಿನ ತಳದಲ್ಲಿದ್ದ ಹಳೆ ಡೀಸೆಲಿನ ಪುಣ್ಯದಿಂದ ಕಾರು ಸ್ವಲ್ಪ ದೂರ ಓಡಿತು. ಏರು ಬಂದದ್ದೇ ಕೆಮ್ಮಿತು, ಟಕಟಕ ಎಂದಿತು, ಹೊಗೆ ಬಿಟ್ಟು ನಿಂತೇಬಿಟ್ಟಿತು. ನಾನು ಹತ್ತು ಸಲ ಚಾವಿ ತಿರುಗಿಸಿದೆ.

"ಹೊತ್ತಿಕೊಳ್ತಾ ಇಲ್ವಾ?" ಎಂದಳು ವಸುಮತಿ, ಮದುವೆಯಾದ ಹೊಸತರಲ್ಲಿ ಮಾತಾಡುತ್ತಿದ್ದಷ್ಟು ಮೃದುವಾಗಿ. ನಾನು ಹನ್ನೊಂದನೇ ಸಲ ತಿರುಗಿಸಿದೆ. ಹಿಂದಿನ ಸೀಟಿನಿಂದ ನಾನೂರು ಹೋಳಿಗೆಯ ಪರಿಮಳ ಬರುತ್ತಿತ್ತು.

ಅಷ್ಟರಲ್ಲಿ ಬೆನ್ನ ಹಿಂದೆಯೇ ಒಂದು ಪಿಕಪ್ ಬಂದು ನಿಂತಿತು. ಇಳಿದವನು ನಮ್ಮ ಕಾರು ರಿಪೇರಿ ಮಾಡುವ ಪ್ರವೀತ್. "ಚಾವಿ ತಿರುಗಿಸ್ಬೇಡಿ ಮಾಸ್ಟ್ರೆ! ಪೆಟ್ರೋಲ್ ಹೋದಷ್ಟೂ ಎಂಜಿನಿನ ಪಂಪು ಹಾಳಾಗ್ತದೆ. ಟ್ಯಾಂಕ್ ಖಾಲಿ ಮಾಡ್ಬೇಕು."

ಪೆಟ್ರೋಲೆಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ! ಐದು ನಿಮಿಷದಲ್ಲಿ ಪಾತ್ರೆಗಳೆಲ್ಲ ಪಿಕಪ್ಪಿಗೆ ಹೋದವು. ವಸುಮತಿ ಮುಂದಿನ ಸೀಟಿನಲ್ಲಿ ಕೂತಳು. ಇನ್ನೂ ಮುಕ್ಕಾಲು ಗಂಟೆ ಇತ್ತು. ಅವಳ ಹೋಳಿಗೆಯ ಮಾನ ಉಳಿಯಿತು. ಉಳಿಯಬೇಕಾದದ್ದು ಇನ್ನು ನನ್ನದು. ಪ್ರವೀತನನ್ನು ಮೆಲ್ಲ ಬದಿಗೆ ಕರೆದೆ.

"ಅವಳಿಗೆ ಕ್ಯಾನಿನ ಗುರುತು ತಪ್ಪಿದ್ದು, ಪಾಪ. ಅವಳೇ ಹಾಕಿದ್ದು. ಉಪನಯನದ ಮನೆಯಲ್ಲಿ ಯಾರಾದ್ರೂ ಕೇಳಿದ್ರೆ ಹಾಗೇ ಹೇಳು, ಆಯ್ತಾ?"

ಪ್ರವೀತ್ ತಲೆ ಕೆರೆದುಕೊಂಡ. "ಅಕ್ಕ ಬೆಳಿಗ್ಗೆಯೇ ಫೋನ್ ಮಾಡಿದ್ರು ಮಾಸ್ಟ್ರೆ. 'ಇವತ್ತು ಎಣ್ಣೆ ಹಾಕುವುದು ಅವರು, ನೀನು ಪಿಕಪ್ ತೆಗೊಂಡು ಹಿಂದೆಯೇ ಬಾ. ಕಾರು ನಿಂತರೆ ತಪ್ಪನ್ನು ನನ್ನ ತಲೆಗೇ ಕಟ್ತಾರೆ; ಸುಮ್ಮನೆ ಹೂಂ ಅಂದು ಬಿಡು,' ಅಂದ್ರು."

ಆಮೇಲೆ ಬಹಳ ಮರ್ಯಾದೆಯಿಂದ "ಹೂಂ" ಎಂದು, ಪಿಕಪ್ ಹತ್ತಿ ಹೋದ.