ಸರಿಯುತ್ತರಕ್ಕೆ ಚಪ್ಪಾಳೆ ನಿಷೇಧ

ಸರಿಯುತ್ತರಕ್ಕೆ ಚಪ್ಪಾಳೆ ತಟ್ಟುವುದು ಖಾಸಗಿ ಆಸ್ತಿಯೆಂಬ ಸಂಗತಿ ತಾಳ್ಯದ ಸಮೀಪದ ಒಂದು ಶಾಲೆಗೆ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ತಿಳಿದುಬಂತು.

ಅಲ್ಲಿನ ಯಶೋದಾ ಟೀಚರ್ ರಜೆಯಲ್ಲಿ ಕೂತು, ಮಗ್ಗಿ ಕಲಿಸುವ ಸಾಫ್ಟ್‌ವೇರ್ ಒಂದನ್ನು ತಾವೇ ಬರೆದಿದ್ದರು. ಮಗು ಸರಿಯುತ್ತರ ಒತ್ತಿದರೆ ಕಂಪ್ಯೂಟರು ಚಪ್ಪಾಳೆ ತಟ್ಟುತ್ತಿತ್ತು. ಕುರಿ ಕಾಯುವ ಚಿತ್ತಯ್ಯನ ಮಗಳು ದೀಪಾ ಶಾಲೆಗೆ ಸೇರಿದಾಗಿನಿಂದ ತುಟಿ ಬಿಚ್ಚಿದವಳಲ್ಲ. ಈ ಚಪ್ಪಾಳೆಯ ಆಸೆಗೆ ಈಗ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಿದ್ದಳು. ಅದನ್ನು ಕೇಳಿದರೆ ಸಾಕು, ಟೀಚರಿಗೆ ಹೊಟ್ಟೆ ತುಂಬುತ್ತಿತ್ತು.

ಅಷ್ಟರಲ್ಲಿ ದೂರದ ಕಂಪನಿಯೊಂದು, 'ಸರಿಯುತ್ತರಕ್ಕೆ ಯಂತ್ರದ ಮೂಲಕ ಮೆಚ್ಚುಗೆ ಸೂಚಿಸುವ ವಿಧಾನ'ದ ಪೇಟೆಂಟ್ ತನ್ನದೆಂದು ನೋಟಿಸು ಕಳಿಸಿತು. ವಿಚಾರಣೆಗೆ ತಂತ್ರಾಂಶ ಶಿಸ್ತುಪಾಲನಾ ಸಮಿತಿಯ ಅಧ್ಯಕ್ಷರಾದ ಮುರುಗೇಶಪ್ಪನವರು ಜೀಪಿನಲ್ಲಿ ದಯಮಾಡಿಸಿದರು.

"ಬರೀ ಸಾಫ್ಟ್‌ವೇರಿಗೆ ನಮ್ ದೇಶದಾಗೆ ಪೇಟೆಂಟ್ ಕೊಡಂಗಿಲ್ಲ ಸಾರ್. ಕಾನೂನ್ನಾಗೇ ಐತೆ," ಎಂದರು ಟೀಚರ್.

"ಇದ್ರೂ ಇರಬೋದು ಮೇಡಂ. ಕೋರ್ಟಿಗೆ ಹೋಗಿ ಹೇಳೋರ್ಯಾರು? ನನಗೆ ರಿಟೈರ್ಮೆಂಟು ಹತ್ರ ಐತೆ. ಕುಂತ್ಕಳ್ರಿ, ಏನಾರ ದಾರಿ ಹುಡುಕಾಣ."

ಸಾಹೇಬರು ಉಪ್ಪಿಟ್ಟು ಮುಗಿಸುವಷ್ಟರಲ್ಲಿ ದಾರಿ ಸಿಕ್ಕಿತು. ಪೇಟೆಂಟ್ ಇರುವುದು ಸರಿಯುತ್ತರದ ಮೆಚ್ಚುಗೆಗೆ ಮಾತ್ರ. ತಪ್ಪುತ್ತರವನ್ನು ಮೆಚ್ಚುವ ಹಕ್ಕು ತನ್ನದೆಂದು ಜಗತ್ತಿನಲ್ಲಿ ಇನ್ನೂ ಯಾರೂ ಹೇಳಿರಲಿಲ್ಲ. ಕೂಡಲೇ ಸುತ್ತೋಲೆ ಹೊರಟಿತು:

"ಇನ್ನು ಮುಂದೆ ತಪ್ಪುತ್ತರಕ್ಕೆ ಚಪ್ಪಾಳೆ ತಟ್ಟತಕ್ಕದ್ದು. ಸರಿಯುತ್ತರ ಬಂದಲ್ಲಿ ಯಂತ್ರವೂ ಶಿಕ್ಷಕರೂ ಮೌನ ವಹಿಸತಕ್ಕದ್ದು. ಮುಗುಳ್ನಗೆಯನ್ನು ಮೆಚ್ಚುಗೆಯೆಂದೇ ಪರಿಗಣಿಸಲಾಗುವುದು."

"ನಾನ್ಯಾಕೆ ಸುಮ್ನಿರ್ಲಿ ಸಾರ್? ನಾನೇನ್ ಯಂತ್ರನಾ?"

"ಮೇಲಿಂದ ಹೇಳಿದಂಗೆ ಮಾಡೋರ್ನ ಕಂಪನಿಯೋರು ಏನಂತ ತಿಳ್ಕಂತಾರೋ ಯಾರಿಗೆ ಗೊತ್ತು? ಹುಷಾರಾಗಿರಾಣ."

ತಿಂಗಳೊಳಗೆ ಶಾಲೆಯ ತುಂಬ ಚಪ್ಪಾಳೆಯೋ ಚಪ್ಪಾಳೆ. ಮೇಲಿನ ಕಚೇರಿಯವರು ಅದರ ಸದ್ದನ್ನು ಅಳೆದು ಶಾಲೆಗೆ ಕಲಿಕಾ ಸಂಭ್ರಮ ಪ್ರಶಸ್ತಿ ಘೋಷಿಸಿದರು. ಪ್ರಶಸ್ತಿಯ ದಿನ ಮುರುಗೇಶಪ್ಪನವರೇ ದೀಪಾಳನ್ನು ವೇದಿಕೆಗೆ ಕರೆದರು.

"ಏಳೆಂಟ್ಲೆ ಎಷ್ಟವ್ವ?"

"ಐವತ್ತಾರು ಸಾರ್."

ಸಭೆ ನಿಯಮದಂತೆ ಮೌನವಾಯಿತು. ಹುಡುಗಿ ಟೀಚರ ಮುಖ ನೋಡಿದಳು. ಟೀಚರ್, ನಕ್ಕರೆ ನಿಯಮಭಂಗವಾದೀತೆಂದು ನೆಲ ನೋಡಿದರು.

"ತಪ್ಪಾಯ್ತು ಸಾರ್," ಎಂದು ದೀಪಾ ತಿದ್ದಿಕೊಂಡಳು. "ಐವತ್ತೆರಡು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಡುಗಿ ಇನ್ನೂ ತಮ್ಮನ್ನೇ ನೋಡುತ್ತಿದ್ದುದರಿಂದ ಯಶೋದಾ ಟೀಚರೂ ತಟ್ಟಿದರು. ಮಗಳು ಇಷ್ಟೆಲ್ಲ ಕಲಿತಿದ್ದಾಳೆಂದು ಚಿತ್ತಯ್ಯನಿಗೆ ಗೊತ್ತೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ನಿಂತು ಟವೆಲ್ಲಿನಿಂದ ಕಣ್ಣೊರೆಸಿಕೊಂಡ.